ಫ್ಲ್ಯಾಟಿನ ಹಾಲನ್ನು ಚಾವಡಿ ಮಾಡ್ಲಿಕ್ಕೆ ಎಂತ ಉಪಾಯ?

ವಿದ್ಯಾನಗರದವ:
ನೀರ್ಚಾಲಿನ ಹಳೆ ಮನೆ ಬಿಟ್ಟು ಕಾಸರಗೋಡಿನ ಫ್ಲ್ಯಾಟಿಗೆ ಬಂದು ಎರಡು ವರ್ಷ ಆಯ್ತು. 2 ಬೆಡ್‌ರೂಮ್, 850 ಸ್ಕ್ವೇರ್ ಫೀಟ್, ಹಾಲ್ 10 ಅಡಿ ಅಗಲ 17 ಅಡಿ ಉದ್ದ. ಅಪ್ಪ ತಾಳಮದ್ದಳೆಯಲ್ಲಿ (ವೇಷ ಕುಣಿತ ಇಲ್ಲದೆ ಕೂತು ಪದ, ಮಾತಿನಲ್ಲೇ ನಡೆಸುವ ಯಕ್ಷಗಾನ) ಅರ್ಥ, ಅಂದ್ರೆ ಪಾತ್ರದ ಮಾತು ಹೇಳುವವರು, ಊರಲ್ಲಿ ತಿಂಗಳಿಗೊಂದು ಮನೆ ಎದುರಿನ ಚಾವಡಿಯಲ್ಲೇ ಆಗ್ತಿತ್ತು, ಇಲ್ಲಿಯೂ ಆಗ್ಬೇಕು ಅಂತ ಅವರ ಹಠ. ಹೋದ ತಿಂಗಳು ಮಾಡಿಯೂ ಮಾಡಿದೆವು, 16 ಜನ. ಎಲ್ ಶೇಪ್ ಸೋಫಾ, ಆರು ಕುರ್ಚಿಯ ಡೈನಿಂಗ್ ಟೇಬಲ್, ನಡುವಲ್ಲಿ ಗ್ಲಾಸ್ ಟೀಪಾಯಿ, ಇದೆಲ್ಲದರ ಎಡೆಯಲ್ಲಿ ಪದ ಹಾಡುವ ಭಾಗವತರು ಫ್ರಿಜ್ಜಿಗೆ ಬೆನ್ನು ಕೊಟ್ಟು ಕೂತದ್ದು, ಸರಿಯಾಗಿ ಕರ್ಣನ ರಥದ ಚಕ್ರ ಹೂತ ಹೊತ್ತಿಗೇ ಫ್ರಿಜ್ಜು ಗುರ್ರ್ ಅಂತ ಶುರು ಮಾಡಿತು, ಕೃಷ್ಣನಿಗೇ ನಗು ತಡೀಲಿಲ್ಲ. ಕೆಳಗಿನ ಮನೆಯವರು ಮರುದಿನ ಚೆಂಡೆ ಬಗ್ಗೆ ಕೇಳಿದ್ರು, ಮರ್ಯಾದೆಯಲ್ಲೇ ಕೇಳಿದ್ರು, ಆದ್ರೂ ನಾಚಿಕೆ ಆಯ್ತು.

ಇಂಟೀರಿಯರಿನವರೊಬ್ಬರು ಬಂದು ನೋಡಿ ಅಡುಗೆಮನೆ ಗೋಡೆ ಒಡೆದು ಓಪನ್ ಕಿಚನ್, ಕೌಂಟರ್, ಎತ್ತರದ ಸ್ಟೂಲು, ಫಾಲ್ಸ್ ಸೀಲಿಂಗ್ ಅಂತ 4.5 ಲಕ್ಷದ ಎಸ್ಟಿಮೇಟ್ ಕೊಟ್ಟು ಹೋದ್ರು. ಅಷ್ಟೆಲ್ಲ ಬೇಕಾ? ಮಾಡಿ ನೋಡಿದವರು ಹೇಳಿ.

ಸೈಟಲ್ಲೇ ಇರುವವ:
ಅಣ್ಣ, ಗೋಡೆ ಮುಟ್ಟುವ ಮೊದಲು ಬಿಲ್ಡರ್ ಹತ್ರ ಸ್ಟ್ರಕ್ಚರಲ್ ಡ್ರಾಯಿಂಗ್ ಕೇಳಿ. ಫ್ಲ್ಯಾಟುಗಳಲ್ಲಿ ಸಾಮಾನ್ಯವಾಗಿ ಭಾರ ಹೊರುವುದು ಪಿಲ್ಲರ್ ಮತ್ತು ಬೀಮು, ನಡುವಿನ ಗೋಡೆ ಮುರಕಲ್ಲಿನದ್ದೋ ಹಾಲೋ ಬ್ಲಾಕಿನದ್ದೋ ಸುಮ್ಮನೆ ತುಂಬಿಸಿದ್ದು. ಆದ್ರೆ ಬರೇ ತಟ್ಟಿ ನೋಡಿ ಹೇಳುವವರನ್ನು ನಂಬಬೇಡಿ. ಗೋಡೆಯೊಳಗೆ ವಯರಿಂಗ್, ನೀರಿನ ಪೈಪು ಇರ್ತದೆ, ಅಸೋಸಿಯೇಶನ್ ಒಪ್ಪಿಗೆ ಬರವಣಿಗೆಯಲ್ಲಿ ಬೇಕು. ಮತ್ತೆ ಓಪನ್ ಕಿಚನ್ ಅಂದ್ರೆ ಒಗ್ಗರಣೆ ಹಾಕಿದ ಕೂಡಲೇ ಭಾಗವತರಿಗೆ ಕೆಮ್ಮು. ಅದರ ಬದಲು ಆ ಗೋಡೆಯಲ್ಲಿ 3 ಅಡಿ ಅಗಲದ ಒಂದು ಕಿಟಕಿ ಬಿಡಿಸಿ, ಮೇಲೆ ಲಿಂಟಲ್ ಕೊಡಿ, ಮರದ ಬಾಗಿಲು ಇಡಿ, ಚಾ ಅಲ್ಲಿಂದಲೇ ಕೊಡಬಹುದು, ಬೇಡದಾಗ ಮುಚ್ಚಬಹುದು. ಫಾಲ್ಸ್ ಸೀಲಿಂಗ್ ಬೇಡವೇ ಬೇಡ, ಇರುವ ಎತ್ತರವನ್ನೂ ಅದು ತಿಂತದೆ, ಸೆಕೆಗೆ ಎತ್ತರ ಇದ್ದಷ್ಟು ಒಳ್ಳೆದು.

ಮಂಜೇಶ್ವರದ ಅಕ್ಕ:
ನಮ್ಮದು ಇನ್ನೂ ಸಣ್ಣ ಹಾಲು, ಭಜನೆಗೆ 20 ಜನ ಕೂರ್ತೇವೆ. ಗುಟ್ಟು ಎಂತದ್ದೂ ಇಲ್ಲ, ಸೋಫಾ ಕೊಟ್ಟೆವು. ಅದೇ ದೊಡ್ಡ ಕೆಲಸ, ಮನೆಯವರನ್ನು ಒಪ್ಪಿಸ್ಲಿಕ್ಕೆ ಆರು ತಿಂಗಳು ಬೇಕಾಯ್ತು. ಊರಿನ ಚಾವಡಿಯಲ್ಲಿ ಇದ್ದದ್ದಾದ್ರೂ ಎಂತ ಹೇಳಿ, ಒಂದು ಬೆಂಚು, ಸುತ್ತಿ ಇಟ್ಟ ಓಲೆಚಾಪೆ. ಬಂದವರು ಹಾಸಿದ್ರು, ಹೋಗುವಾಗ ಮಡಚಿದ್ರು. ಉದ್ದದ ಗೋಡೆಗೆ ತಾಗಿ 18 ಇಂಚು ಎತ್ತರದ ಪೆಟ್ಟಿಗೆ ಬೆಂಚು ಮಾಡಿಸಿ, ಕೆಳಗೆ ಕೂರ್ಲಿಕ್ಕೆ ಆಗದವರಿಗೆ ಅದು, ಜಮಖಾನೆ ದಿಂಬು ಎಲ್ಲ ಅದರೊಳಗೆ. ಊಟದ ಮೇಜು ಗೋಡೆಗೆ ಹಿಂಜಸ್ ಹಾಕಿ ಮಡಚುವ ಹಾಗೆ ಮಾಡಿಸಿದ್ರೆ ಹಾಲಿನ ಅರ್ಧ ಖಾಲಿ.

ಪ್ಲೈವುಡ್ ಮಾತ್ರ ನೀರಿಗೆ ತಡೆಯುವ 710 ಗ್ರೇಡಿನದ್ದೇ ಹಾಕಿಸಿ. ನಾನು ಮೊದಲು ಕ್ರಯ ಕಮ್ಮಿ ಅಂತ ಪಾರ್ಟಿಕಲ್ ಬೋರ್ಡಿಂದು ತಂದಿದ್ದೆ, ಮೊದಲ ಆಟಿ ತಿಂಗಳ ಮಳೆಗೇ ಉಬ್ಬಿ ಮುಚ್ಚಳ ಹಾಕ್ಲಿಕ್ಕೆ ಆಗ್ಲಿಲ್ಲ, ಒಳಗಿನ ಜಮಖಾನೆಗೆ ಬೂಷ್ಟು. ಈಗಿನದ್ದಕ್ಕೆ ಎರಡೂ ಬದಿ ಗಾಳಿ ಹೋಗುವ ತೂತು ಕೊರೆಸಿದ್ದೇನೆ, ಹಿಂದೆ ಗೋಡೆಗೆ ಒಂದಿಂಚು ಬಿಟ್ಟಿದ್ದೇನೆ. ಹಾಂ, ಮಳೆಗಾಲದಲ್ಲಿ 16 ಕೊಡೆ ಎಲ್ಲಿ ಇಡ್ತೀರಿ ಅಂತ ಈಗಲೇ ಯೋಚನೆ ಮಾಡಿ! ನಾವು ಬಾಗಿಲ ಹೊರಗೆ ಬಾಲ್ದಿ ಇಡ್ತೇವೆ.

ಬದಿಯಡ್ಕದ ಭಾವ:
ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಕುಂಬಳೆ ಇಷ್ಟು ಹತ್ರ ಇದ್ದು ನಮಗೆ ಕೌಂಟರು ಸ್ಟೂಲು ಎಂತಕ್ಕೆ ಮಾರಾಯ್ರೆ. ನಾನು ಮದ್ದಳೆಯವ, ಹಾಗಾಗಿ ಹಿಮ್ಮೇಳದ ಕಡೆಯಿಂದ ಹೇಳ್ತೇನೆ. ಭಾಗವತರನ್ನು ಗಿಡ್ಡ ಗೋಡೆಯ ಬದಿಗೆ, ಬಾಗಿಲು ಕಾಣುವ ಹಾಗೆ ಕೂರಿಸಿ, ಅರ್ಥಧಾರಿಗಳು ಆಚೀಚೆ ಎದುರುಬದುರು, ಶ್ರುತಿಪೆಟ್ಟಿಗೆಗೆ ಅಲ್ಲೇ ಕೆಳಗೆ ಒಂದು ಪ್ಲಗ್ ಪಾಯಿಂಟ್. ಇಲ್ಲದಿದ್ರೆ ಎಕ್ಸ್‌ಟೆನ್ಶನ್ ವಯರಿಗೆ ಚಾ ತರುವವರ ಕಾಲು ಸಿಕ್ಕುವುದು ಗ್ಯಾರಂಟಿ. ಏಸಿ ಗಾಳಿ ನೇರ ಮದ್ದಳೆಗೆ ಬೀಳಬಾರ್ದು. ಮಳೆಗಾಲದ ತೇವಕ್ಕೆ ಚರ್ಮ ಸಡಿಲಾಗಿ ಶ್ರುತಿ ಇಳೀತದೆ, ಏಸಿಯ ಒಣ ಗಾಳಿಗೆ ಏರ್ತದೆ, ಪದಕ್ಕೊಮ್ಮೆ ಬಡಿಗೆ ಹಿಡ್ಕೊಂಡು ಕೂರ್ಲಿಕ್ಕೆ ಆಗುದಿಲ್ಲ.

ಚೆಂಡೆ ಬಿಟ್ಟುಬಿಡಿ. 170 ಸ್ಕ್ವೇರ್ ಫೀಟಿನಲ್ಲಿ ಮದ್ದಳೆ, ಚಕ್ರತಾಳ ಧಾರಾಳ ಸಾಕು. ದಪ್ಪ ಕರ್ಟನ್ ಹಾಕಿದ್ರೆ ಶಬ್ದ ಹೊರಗೆ ಹೋಗುದಿಲ್ಲ ಅಂತ ಕೆಲವರು ಹೇಳ್ತಾರೆ, ಅದು ತಪ್ಪು. ಕರ್ಟನ್ ಒಳಗಿನ ಪ್ರತಿಧ್ವನಿ ಕಮ್ಮಿ ಮಾಡ್ತದೆ ಅಷ್ಟೇ, ಅರ್ಥ ಸ್ಪಷ್ಟ ಕೇಳ್ತದೆ. ಹೊರಗೆ ಸೋರುವುದು ಬಾಗಿಲಿನಡಿಯ ಸಂದಿಯಿಂದ, ಅಲ್ಲಿಗೆ ರಬ್ಬರ್ ಪಟ್ಟಿ ಹಾಕಿ. ಚೆಂಡೆಯ ಪೆಟ್ಟು ಸ್ಲ್ಯಾಬಿನಲ್ಲಿ ಇಳಿದು ಕೆಳಗಿನವರಿಗೆ ಕೇಳುದು, ಅದಕ್ಕೆ ಕರ್ಟನ್ ಎಂತ ಮಾಡ್ತದೆ? 2000ದ ಶಬ್ದ ನಿಯಮದಲ್ಲಿ ವಸತಿ ಜಾಗಕ್ಕೆ ಹಗಲು 55 ಡೆಸಿಬೆಲ್, ರಾತ್ರಿ 10ರ ನಂತರ 45. ಅದಕ್ಕೇ ನಾವೀಗ ಮಧ್ಯಾಹ್ನ 3ಕ್ಕೆ ಶುರು ಮಾಡಿ 7ಕ್ಕೆ ಮಂಗಳ ಹಾಡ್ತೇವೆ. ಕೆಳಗಿನವರನ್ನೂ ಕರೀರಿ, ಸಜ್ಜಿಗೆ ಬಜಿಲು ತಿಂದವರು ಕಂಪ್ಲೇಂಟ್ ಮಾಡುದು ಕಷ್ಟ.

ವಿದ್ಯಾನಗರದವ:
ಎಲ್ಲರಿಗೂ ಉಪಕಾರ. ನಿನ್ನೆ ಟೇಪು ಹಿಡಿದು ಅಳೆದೆ, ಫ್ರಿಜ್ಜು ಅಡುಗೆಮನೆಯ ಬಾಗಿಲ ಹಿಂದೆ ಸರೀ ಕೂರ್ತದೆ, ಎರಡು ವರ್ಷ ಯಾಕೆ ಹೊಳೀಲಿಲ್ಲವೋ. ಬೆಂಚು, ಮಡಚುವ ಮೇಜು, ಕಿಟಕಿ ಮೂರೂ ಮಾಡಿಸುದು ಅಂತ ಆಯ್ತು, ಬಡಗಿ ಸೋಮವಾರ ಬರ್ತಾರೆ. ಸೋಫಾ ತಮ್ಮನ ಮನೆಗೆ. ಚೆಂಡೆ ಬೇಡ ಅಂದದ್ದಕ್ಕೆ ಅಪ್ಪ ಎರಡು ದಿನ ಮಾತಾಡ್ಲಿಲ್ಲ, ಇವತ್ತು ಬೆಂಚು 18 ಇಂಚು ಸಾಲದು, ನನ್ನ ಮೊಣಕಾಲಿಗೆ 20 ಬೇಕು ಅಂದ್ರು, ಅಂದ್ರೆ ಒಪ್ಪಿದ ಹಾಗೆ.

ಗ್ಲಾಸ್ ಟೀಪಾಯಿ ಯಾರಿಗಾದ್ರೂ ಬೇಕಾದ್ರೆ ಹೇಳಿ, ಪುಕ್ಕಟೆ. ಒಂದು ಮೂಲೆ ಒಡೆದಿದೆ, ಶಲ್ಯನ ಕಾಲು ತಾಗಿದ್ದು.