2013ರ ವ್ಯಾಗನ್‌ಆರ್: ಕೊಂಡ ಮೇಲೆ ರಿಪೇರಿಗೆ ಎಷ್ಟು ಎತ್ತಿಡಬೇಕು?

ಕೇಳಿದವರು, ವಿಜಯನಗರ

2013ರ ವ್ಯಾಗನ್‌ಆರ್ ವಿಎಕ್ಸ್‌ಐ, ಪೆಟ್ರೋಲ್, 78,000 ಕಿ.ಮೀ., ಎರಡನೇ ಓನರ್. 2.40 ಲಕ್ಷ ಹೇಳ್ತಿದ್ದಾರೆ. ಮೊದಲು ಏನು ನೋಡಬೇಕು, ರಿಪೇರಿಗೆ ಎಷ್ಟು ಎತ್ತಿಡಬೇಕು? ಇದೇ ಬೆಲೆಗೆ ಹಳೆ ಸ್ಯಾಂಟ್ರೋ, ಐ10 ಕೂಡ ಸಿಗ್ತಿವೆ. ಗೊತ್ತಿರುವವರು ದಯವಿಟ್ಟು ಹೇಳಿ.

ರಾಜಾಜಿನಗರದಿಂದ

ಎಂಜಿನ್ ಬಗ್ಗೆ ಹೆಚ್ಚು ಹೆದರಬೇಡಿ ಸರ್. ಅದರಲ್ಲಿರೋದು ಕೆ10ಬಿ, 998 ಸಿಸಿ, ಮೂರು ಸಿಲಿಂಡರ್, ಟೈಮಿಂಗ್ ಚೈನ್ (ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಸರಪಳಿ). ಬೆಲ್ಟ್ ಬದಲಿಸುವ ಗೊಡವೆ ಇಲ್ಲ. ಆದರೆ ಹೋಗುವ ಮೊದಲೇ ಫೋನ್ ಮಾಡಿ, ಗಾಡಿ ಸ್ಟಾರ್ಟ್ ಮಾಡದೆ ಇಟ್ಟಿರಿ ಅನ್ನಿ. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬನ್ನಿ. ಎಂಜಿನ್ ತಣ್ಣಗಿದ್ದಾಗಲೇ ಚೈನ್ ಸದ್ದು ಸರಿಯಾಗಿ ಕೇಳೋದು. ಒಂದೆರಡು ಸೆಕೆಂಡ್ ಗಲಗಲ ಅಂದು ನಿಂತರೆ ಆಯಿಲ್ ಮೇಲೇರುವ ತನಕದ ಸದ್ದು, ಚಿಂತೆಯಿಲ್ಲ. ನಿಲ್ಲದೇ ಹೋದರೆ ಚೈನ್ ಅಥವಾ ಅದನ್ನು ಬಿಗಿಯಾಗಿಡುವ ಟೆನ್ಷನರ್ ಸವೆದಿದೆ, ಆ ಗಾಡಿ ಬಿಟ್ಟುಬಿಡಿ. ಹೆಚ್ಚಾಗಿ ಆಯಿಲ್ ಹೊತ್ತಿಗೆ ಸರಿಯಾಗಿ ಬದಲಿಸದ ಎಂಜಿನ್ ಆಗಿರುತ್ತೆ.

ಸ್ಟಾರ್ಟ್ ಮಾಡುವ ಮೊದಲು, ತಣ್ಣಗಿರುವಾಗ ಮಾತ್ರ, ರೇಡಿಯೇಟರ್ ಮುಚ್ಚಳ ತೆಗೆಸಿ. ಒಳಗೆ ಬಣ್ಣದ ಕೂಲೆಂಟ್ ಇರಬೇಕು. ಕೆಂಪು ಮಣ್ಣಿನ ನೀರಿನಂತಿದ್ದರೆ ಬರೀ ನೀರು ಹಾಕಿ ಓಡಿಸಿದ್ದಾರೆ. ನಮ್ಮ ಬೋರ್‌ವೆಲ್ ನೀರು ಗಡಸು. ಬಿಂದಿಗೆ ತಳದಲ್ಲಿ ಬಿಳಿ ಪೊರೆ ಕಟ್ಟುವ ಹಾಗೆ ರೇಡಿಯೇಟರ್ ಕೊಳವೆಗಳಲ್ಲೂ ಕಟ್ಟುತ್ತೆ. ಆಮೇಲೆ ಟ್ರಾಫಿಕ್‌ನಲ್ಲಿ ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ (ಎಂಜಿನ್ ತಲೆಯ ಕೆಳಗಿನ ಸೀಲ್) ಹೋದರೆ, ಹೆಡ್ ಇಳಿಸಿ ಫೇಸಿಂಗ್ (ಉಜ್ಜಿ ಸಮತಟ್ಟು) ಮಾಡಿಸುವಷ್ಟರಲ್ಲಿ 12ರಿಂದ 18 ಸಾವಿರ. ಆಯಿಲ್ ಮುಚ್ಚಳದ ಒಳಗೆ ಹಾಲು ಹೆಚ್ಚಾದ ಕಾಫಿ ಬಣ್ಣದ ಕೆನೆ ಇದ್ದರೆ ನೀರು ಆಯಿಲ್‌ಗೆ ಸೇರಿದೆ.

ಮಲ್ಲೇಶ್ವರದಿಂದ

ಮೇಲಿನವರ ಕೊನೆಯ ಮಾತಿಗೆ ಒಂದು ತಿದ್ದುಪಡಿ. ದಿನಾ ಎರಡು ಮೂರು ಕಿ.ಮೀ. ಮಾತ್ರ ಓಡುವ ಗಾಡಿಯಲ್ಲಿ ಮುಚ್ಚಳದ ಕೆಳಗೆ ತೆಳ್ಳಗೆ ಕೆನೆ ಕಟ್ಟೋದುಂಟು, ಮಳೆ-ಚಳಿಯಲ್ಲಿ ಇನ್ನೂ ಹೆಚ್ಚು. ಡಿಪ್‌ಸ್ಟಿಕ್ ತೆಗೆದು ನೋಡಿ. ಅದರಲ್ಲೂ ಕೆನೆಯಿದ್ದು, ಕೂಲೆಂಟೂ ಕಡಿಮೆಯಾಗುತ್ತಿದ್ದರೆ ಮಾತ್ರ ಗ್ಯಾಸ್ಕೆಟ್ ಮೇಲೆ ಅನುಮಾನ.

ಮೂರು ಸಿಲಿಂಡರ್ ಆದ್ದರಿಂದ ಸ್ವಲ್ಪ ನಡುಕ ಸಹಜ. ಗೇರ್ ಲಿವರ್, ಸ್ಟೇರಿಂಗ್ ಎಲ್ಲ ಗಡಗಡ ಅಂದರೆ ಎಂಜಿನ್ ಮೌಂಟಿಂಗ್ ಹೋಗಿದೆ, ಒಂದಕ್ಕೆ 1,200ರಿಂದ 2,000. ನಡುಕದ ಜತೆ ಎಳೆತವೂ ಕಮ್ಮಿಯಿದ್ದರೆ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿಸಿ. ಪಿ0301 ಬಂದರೆ ಒಂದನೇ ಸಿಲಿಂಡರ್ ಮಿಸ್ ಹೊಡೀತಿದೆ. ಅದರ ಇಗ್ನಿಷನ್ ಕಾಯಿಲನ್ನು (ಪ್ಲಗ್‌ಗೆ ಕರೆಂಟ್ ಕೊಡೋದು) ಎರಡನೆಯದರ ಜತೆ ಅದಲುಬದಲು ಮಾಡಿ ಓಡಿಸಿ. ಕೋಡ್ ಪಿ0302 ಆದರೆ ತಪ್ಪು ಕಾಯಿಲ್‌ನದೇ, ಬದಲಾಗದಿದ್ದರೆ ಪ್ಲಗ್ ಅಥವಾ ಇಂಜೆಕ್ಟರ್ ನೋಡಿ. ಈ ಹತ್ತು ನಿಮಿಷದ ಕೆಲಸ ಮಾಡದೆ ಮೂರೂ ಕಾಯಿಲ್ ಬದಲಿಸಿ ದುಡ್ಡು ಕೀಳುವವರಿದ್ದಾರೆ.

ಬನಶಂಕರಿಯಿಂದ

ನಮ್ಮ ಬೆಂಗಳೂರಲ್ಲಿ 78,000 ಅಂದರೆ ಹೈವೇಯ 78,000 ಅಲ್ಲ. ಸಿಲ್ಕ್ ಬೋರ್ಡ್, ಹೆಬ್ಬಾಳದ ಟ್ರಾಫಿಕ್‌ನಲ್ಲಿ ಓಡಾಡಿದ ಗಾಡಿಗೆ ಕಿ.ಮೀ.ಗಿಂತ ಕ್ಲಚ್ ಒತ್ತಿದ ಲೆಕ್ಕವೇ ಜಾಸ್ತಿ. ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿ ಎಳೆದು, ಮುಂದೆ ಯಾರೂ ಇಲ್ಲದ ಕಡೆ, ಮೂರನೇ ಗೇರ್ ಹಾಕಿ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಕ್ಲಚ್ ನಿಧಾನಕ್ಕೆ ಬಿಡಿ. ಎಂಜಿನ್ ತಕ್ಷಣ ಆಫ್ ಆದರೆ ಕ್ಲಚ್ ಪ್ಲೇಟ್ ಹಿಡೀತಿದೆ. ಆಫ್ ಆಗದೆ ಓಡ್ತಾನೇ ಇದ್ದರೆ ಜಾರ್ತಿದೆ. ಒಂದೇ ಸಲ ಮಾಡಿ, ಪದೇ ಪದೇ ಮಾಡಿದರೆ ಇರೋ ಪ್ಲೇಟೂ ಸುಡುತ್ತೆ. ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರೂ ಒಟ್ಟಿಗೇ ಹಾಕಿಸಿ. ಹೊರಗಿನ ಗ್ಯಾರೇಜಲ್ಲಿ ಲೇಬರ್ ಸೇರಿ 5,500ರಿಂದ 7,500. ಗೇರ್‌ಬಾಕ್ಸ್ ಇಳಿಸೋದೇ ದೊಡ್ಡ ಕೆಲಸ, ಬೇರಿಂಗ್ ಉಳಿಸಲು ಹೋದರೆ ಅದೇ ಲೇಬರ್ ಎರಡನೇ ಸಲ ಕೊಡಬೇಕಾಗುತ್ತೆ.

ಸಸ್ಪೆನ್ಷನ್ ನೋಡಲು ಕಿಟಕಿ ಇಳಿಸಿ, ಮ್ಯೂಸಿಕ್ ಆಫ್ ಮಾಡಿ, ಕಿತ್ತುಹೋದ ರಸ್ತೆಯಲ್ಲಿ 20ರ ಸ್ಪೀಡಲ್ಲಿ ಓಡಿಸಿ. ಸಣ್ಣಗೆ ಕಟಕಟ ಅಂದರೆ ಲಿಂಕ್ ರಾಡ್, ಒಂದು 500–700. ಬ್ರೇಕ್ ಹೊಡೆದಾಗ, ರಿವರ್ಸ್ ತೆಗೆದಾಗ ಒಂದೇ ಸಲ ಧಡ್ ಅಂದರೆ ಲೋವರ್ ಆರ್ಮ್‌ನ (ಚಕ್ರ ಹಿಡಿದಿಡುವ ಕೆಳಗಿನ ತೋಳು) ರಬ್ಬರ್ ಬುಷ್. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಜಿಗಿದಂತಾದರೆ ಸ್ಟ್ರಟ್ ಮೌಂಟ್. ಪೂರ್ತಿ ತಿರುಗಿಸಿ ಮುಂದೆ ಹೋದಾಗ ಟಕ ಟಕ ಅಂದರೆ ಆಕ್ಸಲ್ ಜಾಯಿಂಟ್. ಇದಕ್ಕೆ ಮೂಲ ಒಂದು ಹರಿದ ರಬ್ಬರ್ ಬೂಟ್. ಮುಂದಿನ ಚಕ್ರದ ಒಳಭಾಗಕ್ಕೆ ಟಾರ್ಚ್ ಬಿಡಿ, ರಿಮ್ಮಿಗೆ ಕಪ್ಪು ಗ್ರೀಸ್ ಸಿಡಿದು ಧೂಳು ಅಂಟಿದ್ದರೆ ಬೂಟ್ ಹರಿದು ಬಹಳ ದಿನ ಆಗಿದೆ. ಹರಿದ ವಾರದಲ್ಲೇ ಹಾಕಿಸಿದ್ದರೆ ಲೇಬರ್ ಸೇರಿ ಸಾವಿರದ ಆಸುಪಾಸು, ಈಗ ಆಕ್ಸಲ್‌ಗೆ ನಾಲ್ಕೈದು ಸಾವಿರ.

60ರ ಸ್ಪೀಡಲ್ಲಿ ಹೂಂ ಅಂತ ಸದ್ದು ಬಂದು, ಸ್ಟೇರಿಂಗ್ ಎಡಕ್ಕೆ ತಿರುಗಿಸಿದಾಗ ಹೆಚ್ಚಾದರೆ ಸಾಮಾನ್ಯವಾಗಿ ಬಲಗಡೆಯ ವೀಲ್ ಬೇರಿಂಗ್, ಭಾರ ಬೀಳೋದು ಆ ಕಡೆಗೇ. ಮುಂದಿನ ಬೇರಿಂಗನ್ನು ಪ್ರೆಸ್‌ನಲ್ಲಿ ಕೂರಿಸಬೇಕು. ಸುತ್ತಿಗೆಯಲ್ಲಿ ಬಡಿದು ಕೂರಿಸುವ ಕಡೆ ಕೊಡಬೇಡಿ.

ಸ್ಪೇರ್ಸ್ ಜೆ.ಸಿ. ರಸ್ತೆಯಲ್ಲಿ ನೀವೇ ತಂದುಕೊಟ್ಟರೆ ದುಡ್ಡು ಉಳಿಯುತ್ತೆ. ಹಳೆಯದನ್ನು ಬಿಚ್ಚಿ ಕೈಯಲ್ಲೇ ಒಯ್ದು ಹೊಂದಿಸಿ ತನ್ನಿ. ಲೋವರ್ ಆರ್ಮ್‌ಗೆ ಬುಷ್ ಮಾತ್ರ ಒತ್ತಿಸುವ ಬದಲು ಪೂರ್ತಿ ಆರ್ಮ್ ಹಾಕಿಸಿ, ಬಾಲ್ ಜಾಯಿಂಟೂ ಹೊಸದಾಗುತ್ತೆ. ಆಮೇಲೆ ಅಲೈನ್‌ಮೆಂಟ್ ತಪ್ಪಿಸಬೇಡಿ.

ಮಾರತ್‌ಹಳ್ಳಿಯಿಂದ

ಎಸಿಯನ್ನು ಓಡುವಾಗ ಅಲ್ಲ, ನಿಂತಾಗ ನೋಡಿ. ಹತ್ತು ನಿಮಿಷ ನಿಲ್ಲಿಸಿ ಎಸಿ ಹಾಕಿಡಿ. ತಂಪು ಕಡಿಮೆಯಾದರೆ ಮುಂದಿನ ಫ್ಯಾನ್ ತಿರುಗ್ತಿದೆಯಾ, ಕಂಡೆನ್ಸರ್ (ರೇಡಿಯೇಟರ್ ಮುಂದಿನ ಎಸಿ ಜಾಲರಿ) ಧೂಳಿನಿಂದ ಮುಚ್ಚಿದೆಯಾ ನೋಡಿ. "ಗ್ಯಾಸ್ ತುಂಬಿಸಿದ್ರೆ ಸರಿ ಹೋಗುತ್ತೆ" ಅನ್ನೋ ಮಾತು ನಂಬಬೇಡಿ. ಲೀಕ್ ಇಲ್ಲದೆ ಗ್ಯಾಸ್ ಅಷ್ಟು ಖಾಲಿಯಾಗಲ್ಲ. ನೈಟ್ರೋಜನ್ ಹಾಕಿ ಲೀಕ್ ಹುಡುಕಬೇಕು, ಆಮೇಲೆ ಅರ್ಧ ಗಂಟೆ ವ್ಯಾಕ್ಯೂಮ್ (ಒಳಗಿನ ಗಾಳಿ, ತೇವ ಹೊರಗೆಳೆಯೋದು), ಆಮೇಲೆ ಗ್ಯಾಸ್. ಕಂಡೆನ್ಸರ್ ಸುಮಾರು 5,000, ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್ 6–7 ಸಾವಿರ, ಕಂಪ್ರೆಸರ್ ಆದರೆ 15 ಸಾವಿರದ ಮೇಲೆ.

ನಮ್ಮ ಕಡೆ ಮಳೆ ನೀರಲ್ಲಿ ಮುಳುಗಿದ ಗಾಡಿಗಳೂ ಮಾರಾಟಕ್ಕೆ ಬರ್ತವೆ. ಸೀಟ್ ಬೆಲ್ಟ್ ಕೊನೆಯ ತನಕ ಎಳೆದು ನೋಡಿ. ಹೊರಗೆ ಕಾಣುವ ಪಟ್ಟಿ ತೊಳೀತಾರೆ, ಒಳಗೆ ಸುತ್ತಿಕೊಂಡ ಭಾಗದಲ್ಲಿ ಮಣ್ಣಿನ ಗೆರೆ ಹಾಗೇ ಇರುತ್ತೆ. ಸೀಟ್ ಹಳಿಯ ತುಕ್ಕು, ಸ್ಟೆಪ್ನಿ ಗುಂಡಿಯ ಕೆಸರು ಕೂಡ.

ಯಲಹಂಕದಿಂದ

ಸ್ಯಾಂಟ್ರೋ ಕ್ಸಿಂಗ್, 1.1 ಲೀಟರ್ ಎಂಜಿನ್‌ನ ಐ10 ಎರಡಕ್ಕೂ ಚೈನ್ ಬದಲು ಟೈಮಿಂಗ್ ಬೆಲ್ಟ್. ಬದಲಿಸಿದ ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಅಂತಲೇ ಲೆಕ್ಕ ಹಾಕಿ. ತುಂಡಾದರೆ ವಾಲ್ವ್ ಬಾಗುವ ಅಪಾಯ ಇದೆ. ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಒಟ್ಟಿಗೆ 5–6 ಸಾವಿರ. 1.2 ಲೀಟರ್ ಕಪ್ಪಾ ಎಂಜಿನ್‌ನ ಐ10ಗೆ ಚೈನ್.

ಕೇಳಿದವರು, ವಿಜಯನಗರ

ಎಲ್ಲರಿಗೂ ಧನ್ಯವಾದ. ನೋಡಿ ಬಂದೆ. ಎಂಜಿನ್, ಎಸಿ ಚೆನ್ನಾಗಿವೆ. ಕ್ಲಚ್ ಪೆಡಲ್ ತುಂಬಾ ಮೇಲೆ ಬಂದ ಮೇಲಷ್ಟೇ ಹಿಡೀತದೆ, ಮೂರನೇ ಗೇರ್ ಪರೀಕ್ಷೆಯಲ್ಲಿ ತಡವಾಗಿ ಆಫ್ ಆಯ್ತು. ಟೈರ್‌ನಲ್ಲಿ ಬಟನ್ (ಮೇಲಿನ ಹಲ್ಲುಗಳು) ಇದೆ, ಪಕ್ಕದಲ್ಲಿ 1518 ಅಂತ ಬರೆದಿದೆ.

ಬನಶಂಕರಿಯಿಂದ

1518 ಅಂದರೆ 2018ರ 15ನೇ ವಾರ ತಯಾರಾದ ಟೈರ್. ಬಟನ್ ಇದ್ದರೂ ರಬ್ಬರ್ ಗಟ್ಟಿಯಾಗಿರುತ್ತೆ, ಮಳೆಯಲ್ಲಿ ಜಾರುತ್ತೆ. ನಾಲ್ಕಕ್ಕೆ 14–16 ಸಾವಿರ, ಕ್ಲಚ್ 7 ಸಾವಿರ, ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್, ಫಿಲ್ಟರ್, ಪ್ಲಗ್‌ಗೆ 5 ಸಾವಿರ. ಇಷ್ಟೂ ಮುರಿದು ಕೇಳಿ. 2028ಕ್ಕೆ 15 ವರ್ಷ ತುಂಬಿ ಆರ್‌ಸಿ ನವೀಕರಿಸಬೇಕು ಅನ್ನೋದನ್ನೂ ಮಾತಿನಲ್ಲಿ ತನ್ನಿ. 2.10ಕ್ಕೆ ಬಂದರೆ ತಗೊಳ್ಳಿ, ಸಸ್ಪೆನ್ಷನ್‌ಗೆ ಇನ್ನೊಂದು 15 ಸಾವಿರ ಕೈಯಲ್ಲಿಟ್ಟುಕೊಳ್ಳಿ. ಆರ್‌ಸಿಯಲ್ಲಿ ಸಾಲದ ನಮೂದು ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 (ಆ ನಮೂದು ತೆಗೆಸುವ ಅರ್ಜಿ) ಕೈಗೆ ಬರುವ ತನಕ ಅಡ್ವಾನ್ಸ್ ಕೊಡಬೇಡಿ.