ಹಲಸಿನ ಕೊಂಬೆ ಕಡಿಸಿದ್ರೂ ಗಾಳಿಗೆ ಫ್ಯೂಸ್ ಹೋಗೋದು ನಿಂತಿಲ್ಲ

ಅಡಿಕೆಗೊನೆ:
ಸಾಕಾಗಿ ಹೋಗಿದೆ. ಲೈನಿಗೆ ತಾಗ್ತಿದ್ದ ಹಲಸಿನ ಕೊಂಬೆ ಎಲ್ಲಾ ಕಡಿಸಿಯಾಯ್ತು. ಆದ್ರೂ ಗಾಳಿ ಎದ್ರೆ ಕರೆಂಟು ಹೋಯ್ತು ಅಂತಲೇ ಲೆಕ್ಕ. ಇನ್ನು ಮರಾನೇ ಉರುಳಿಸ್ಬೇಕಾ? ಗೊತ್ತಿದ್ದವರು ಹೇಳಿ.

ಗುಡ್ಡೇಗಾಳಿ:
ಯಾವ ಲೈನು ಮಾರಾಯ್ರೇ? ಟಿಸಿಗೆ (ಟ್ರಾನ್ಸ್‌ಫಾರ್ಮರಿಗೆ) ಬರೋ 11 ಕೆವಿನಾ (11 ಸಾವಿರ ವೋಲ್ಟ್), ಟಿಸಿಯಿಂದ ಈಚೆಗೆ ಮನೆಗೆ ಬರೋ ಕಡಿಮೆ ವೋಲ್ಟೇಜಿನ ಎಲ್‌ಟಿನಾ? ಹೋದಾಗ ಊರಿಗೆಲ್ಲಾ ಹೋಗುತ್ತಾ, ನಿಮ್ಮ ಟಿಸಿಗೆ ಮಾತ್ರಾನಾ? 11 ಕೆವಿಗೆ ಕೊಂಬೆ ತಾಗಿದ್ರೆ ಸಬ್‌ಸ್ಟೇಷನ್ನಿನಲ್ಲಿ ಅರ್ತ್ ಫಾಲ್ಟ್ (ಕರೆಂಟು ನೆಲಕ್ಕೆ ಹರಿಯೋದು) ಬಿದ್ದು ಇಡೀ ಫೀಡರ್ರೇ, ಅಂದ್ರೆ ಅಲ್ಲಿಂದ ಹೊರಟ ಆ ಲೈನು ಪೂರ್ತಿ, ಹೋಗುತ್ತೆ. ಅಷ್ಟು ಹೇಳಿದ್ರೆ ಅರ್ಧ ಕೆಲಸ ಮುಗೀತು.

ಮೂರುಫೇಸ್:
ನ್ಯೂಟ್ರಲ್ (ಕರೆಂಟು ವಾಪಸ್ ಹೋಗೋ ತಂತಿ) ಲೂಸು. ಕಂಬದ ಮೇಲೆ ತಂತಿಗೆ ತಂತಿ ಜೋಡಿಸೋ ತುಂಡು, ಜಂಪ್, ಬಿಗಿ ಮಾಡಿಸಿ. ಗಾಳಿಗೆ ಆಡೋದು ಅದೇ.

ಅಡಿಕೆಗೊನೆ:
ಎಲ್‌ಟಿ. ಟಿಸಿಯಲ್ಲಿ ಫ್ಯೂಸ್ ಹೋಗೋದು. ಲೈನ್‌ಮ್ಯಾನ್ ಬಂದು ತಂತಿ ಕಟ್ಟಿ ಹೋಗ್ತಾರೆ, ಎರಡು ದಿನ ಸರಿ ಇರುತ್ತೆ. ಆಮೇಲೆ ಅದೇ ರಾಗ.

ಟಿಸಿಕಟ್ಟೆ:
ಹಾಗಾದ್ರೆ ಇನ್ನೂ ಎಲ್ಲೋ ಕೊಂಬೆ ತಾಗ್ತಾ ಇದೆ. ಲೈನಿನ ಉದ್ದಕ್ಕೂ ನಡ್ಕೊಂಡು ಹೋಗಿ ನೋಡಿ. ತಾಗಿದ ಕಡೆ ಎಲೆ ತುದಿ ಕರಕಲಾಗಿರುತ್ತೆ. ಬಿದಿರು ಮೆಳೆ ಇದ್ರೆ ಅದೇ ಕಳ್ಳ. ಮಳೆಗಾಲದ ಕಳಲೆ ಒಂದು ತಿಂಗಳಲ್ಲಿ ಲೈನು ದಾಟುತ್ತೆ, ಮೇ ತಿಂಗಳಲ್ಲಿ ಜಂಗಲ್ ಕಟಿಂಗ್ (ಲೈನ್ ಪಕ್ಕದ ಗಿಡ-ಕೊಂಬೆ ಸವರೋದು) ಮಾಡಿದ್ದು ಯಾವ ಲೆಕ್ಕಕ್ಕೂ ಇಲ್ಲ.

ಮೂರುಫೇಸ್:
ನ್ಯೂಟ್ರಲ್ ನೋಡಿ ಅಂದೆ ನಾನು. ಯಾರೂ ನೋಡಲ್ಲ.

ಗುಡ್ಡೇಗಾಳಿ:
ನ್ಯೂಟ್ರಲ್ ಬಿಟ್ಟಿದ್ರೆ ಒಂದು ಫೇಸಲ್ಲಿ ಬಲ್ಬ್ ಮಂಕು, ಇನ್ನೊಂದರಲ್ಲಿ ಉರಿದು ಸುಟ್ಟೇ ಹೋಗುತ್ತೆ. ಮೋಟಾರು ಆಫ್ ಇಟ್ಟು, ಮೂರೂ ಫೇಸು ನ್ಯೂಟ್ರಲ್ಲಿಗೆ ಎಷ್ಟು ವೋಲ್ಟ್ ತೋರಿಸುತ್ತೆ ಅಳೀರಿ. ಒಂದು ಕಡೆ 160, ಒಂದು ಕಡೆ 280 ಬಂದ್ರೆ ಮೂರುಫೇಸ್ ಅವರು ಗೆದ್ದರು.

ಟಿಸಿಕಟ್ಟೆಯವರೇ, ಒದ್ದೆ ಹಸಿ ಕೊಂಬೆ ಎಲ್‌ಟಿ ಲೈನಿಗೆ ತಾಗಿದ್ರೆ ಹರಿಯೋದು ಚೂರುಪಾರು ಕರೆಂಟು. ಮುಟ್ಟಿದವನ ಜೀವ ಹೋಗೋಕೆ ಅಷ್ಟು ಸಾಕು, ಟಿಸಿ ಫ್ಯೂಸ್ ಹೋಗೋಕೆ ಸಾಲಲ್ಲ. ಫ್ಯೂಸ್ ಹೋಗ್ಬೇಕಾದ್ರೆ ತಂತಿಗೆ ತಂತಿ ತಾಗ್ಬೇಕು.

ಟಿಸಿಕಟ್ಟೆ:
ಕೊಂಬೆ ತಂತಿಯನ್ನ ತಳ್ಳಿದ್ರೂ ತಾಗುತ್ತಲ್ಲ! ನಾನು ಹೇಳಿದ್ದೂ ಅದೇ.

ಹಳೇಮೀಟರ್:
ಅದಿರಲಿ, ಲೈನ್ ಪಕ್ಕದ ಕೊಂಬೆ ನೀವ್ಯಾಕೆ ಕಡಿಸಿದ್ರಿ? ಅದು ಕಂಪನಿಯವರ ಕೆಲಸ. 2003ರ ವಿದ್ಯುತ್ ಕಾಯ್ದೆ ಸೆಕ್ಷನ್ 68 ನೋಡಿ. ಲೈನು ಎಳೆಯೋಕೆ ಮೊದಲೇ ಇದ್ದ ಮರ ತೆಗೆಸಿದ್ರೆ ಪರಿಹಾರ ಕೂಡ ಇದೆ.

ಟಿಸಿಕಟ್ಟೆ:
ಪರಿಹಾರ ಬರೋವರೆಗೆ ಕತ್ತಲಲ್ಲಿ ಕೂತಿರ್ಬೇಕಾ? 1912ಕ್ಕೆ ದೂರು ಕೊಟ್ಟು ನಂಬರ್ ಬರ್ಕೊಳ್ಳಿ, ಸಾಕು.

ದೋಟಿದಾಸ:
ಇಷ್ಟೆಲ್ಲಾ ಯಾಕೆ? 60 ಅಡಿ ಕಾರ್ಬನ್ ಫೈಬರ್ ದೋಟಿ ಇದ್ರೆ ಕೆಳಗೆ ನಿಂತೇ ಬಿದಿರಿನ ತುದಿ ಎಳೆದು ಹಾಕ್ಬಹುದು. ತೂಕವೇ ಇಲ್ಲ.

ಗುಡ್ಡೇಗಾಳಿ:
ದಯವಿಟ್ಟು ಬೇಡ. ಕಾರ್ಬನ್ನಲ್ಲಿ ಕರೆಂಟು ಹರಿಯುತ್ತೆ. ಫೈಬರ್ ಅಂತ ಹೆಸರಿದ್ದ ಮಾತ್ರಕ್ಕೆ ಶಾಕ್ ಹೊಡೆಯಲ್ಲ ಅಂತಲ್ಲ, ಅಲ್ಯೂಮಿನಿಯಂ ದೋಟಿಯಷ್ಟೇ ಅಪಾಯ. ಒದ್ದೆ ಬಿದಿರುಗಳವೂ ಹಾಗೇ. ಅಡಿಕೆ ಕೊಯ್ಯುವಾಗ್ಲೂ 11 ಕೆವಿ ಹತ್ರ ಆ ದೋಟಿ ಎತ್ತಲೇಬಾರದು. ಕೈ ಜಾರಿ ವಾಲಿದ್ರೆ 60 ಅಡಿ ಎಲ್ಲಿವರೆಗೆ ಹೋಗುತ್ತೆ ಲೆಕ್ಕ ಹಾಕಿ.

ಅಡಿಕೆಗೊನೆ:
ಅಳೆದೆ. ಫ್ಯೂಸ್ ಸರಿ ಇದ್ದಾಗ 226, 231, 229. ಹೋದಾಗ ಮೂರು ಫೇಸಲ್ಲಿ ಬಿ ಫೇಸ್ ಮಾತ್ರ ಸೊನ್ನೆ. ಪ್ರತಿ ಸಲ ಬಿ ಫೇಸೇ. ಕಂಬದ ಮೇಲೆ ಬಿ ಪಕ್ಕಕ್ಕೇ ನ್ಯೂಟ್ರಲ್. ಹಾಂ, ಹೋದ ತಿಂಗಳು ಒಂದು ದೊಡ್ಡ ಕೊಂಬೆ ಲೈನ್ ಮೇಲೆ ಬಿದ್ದು ರಾತ್ರಿಯೆಲ್ಲಾ ಹಾಗೇ ನೇತಾಡ್ತಿತ್ತು. ಅದನ್ನ ತೆಗೆಸಿಯಾಗಿದೆ.

ಗುಡ್ಡೇಗಾಳಿ:
ಇದನ್ನ ಮೊದಲೇ ಹೇಳೋದಲ್ವಾ! ಕೊಂಬೆಯ ಭಾರಕ್ಕೆ ತಂತಿ ಜಗ್ಗಿ ಜೋಲಾಗಿದೆ. ಗಾಳಿಗೆ ಬಿ ಹೋಗಿ ನ್ಯೂಟ್ರಲ್ಲಿಗೆ ಬಡೀತಿದೆ. ಎರಡು ಕಂಬದ ನಡುಮಧ್ಯೆ, ಅಂದ್ರೆ ಹೆಚ್ಚು ಜೋತಿರೋ ಕಡೆ, ಮೊಬೈಲ್ ಝೂಮ್ ಮಾಡಿ ನೋಡಿ. ಬಡಿದ ಜಾಗದಲ್ಲಿ ತಂತಿ ಕಪ್ಪಾಗಿ, ಅಲ್ಯೂಮಿನಿಯಂ ಕರಗಿ ರಾಗಿಕಾಳಿನಷ್ಟು ಗುಳ್ಳೆ ಎದ್ದಿರುತ್ತೆ. ಎಳೆ ಬಿಚ್ಚಿಕೊಂಡಿದ್ರೆ ಅದರಡಿ ಯಾರೂ ಓಡಾಡ್ಬೇಡಿ, ದನಾನೂ ಕಟ್ಬೇಡಿ, ಇವತ್ತೇ ಫೋನ್ ಮಾಡಿ.

ರಿಪೇರಿ ಅಂದ್ರೆ ಲೈನು ಮತ್ತೆ ಎಳೆದು ಬಿಗಿ ಮಾಡೋದು, ಸುಟ್ಟ ಕಡೆ ಸರಿಯಾದ ಜಾಯಿಂಟ್ ಹಾಕೋದು. ಅಲ್ಲಿವರೆಗೆ ನಡುವೆ ತಂತಿಗೆ ತಂತಿ ತಾಗದ ಹಾಗೆ ಹಿಡಿಯೋ ಸ್ಪೇಸರ್ ಹಾಕಿದ್ರೂ ನಡೆಯುತ್ತೆ. ಫ್ಯೂಸಿಗೆ ದಪ್ಪ ತಂತಿ ಕಟ್ಟೋಕೆ ಮಾತ್ರ ಬಿಡ್ಬೇಡಿ. ಆಗ ಫ್ಯೂಸ್ ಉಳಿಯುತ್ತೆ, ಲೈನು ತುಂಡಾಗಿ ಬೀಳುತ್ತೆ. ಅವರು ಲೈನ್ ಮೇಲಿರುವಾಗ ಅಕ್ಕಪಕ್ಕದವರ ಜನರೇಟರು ಆಫ್ ಇರಲಿ. ಚೇಂಜ್‌ಓವರ್ ಸ್ವಿಚ್ (ಜನರೇಟರ್ ಕರೆಂಟು ಲೈನಿಗೆ ಹೋಗದಂತೆ ತಡೆಯೋದು) ಇಲ್ಲದ ಒಂದು ಜನರೇಟರ್ ಸಾಕು, ಕಂಬದ ಮೇಲಿದ್ದವನಿಗೆ ಹೊಡೆಯೋಕೆ.

ಟಿಸಿಕಟ್ಟೆ:
ಕೊಂಬೆಯಿಂದಲೇ ಆಗಿದ್ದು ಅಂತ ಆಯ್ತಲ್ಲ ಕೊನೆಗೆ. ಹಲಸು ಹೇಗೆ ಕಡಿಸಿದ್ರಿ? ತುದಿ ಮಾತ್ರ ಸವರಿದ್ರೆ ಮುಂದಿನ ವರ್ಷ ಅಲ್ಲಿಂದಲೇ ಹತ್ತು ಚಿಗುರು ನೆಟ್ಟಗೆ ಲೈನಿಗೇ ಏಳುತ್ತೆ. ಕವಲು ಒಡೆದ ಬುಡಕ್ಕೇ ತೆಗೀಬೇಕು. ಮೊದಲು ಬುಡದಿಂದ ಒಂದಡಿ ಆಚೆ, ಅಡಿಯಿಂದ ಮೂರನೇ ಒಂದು ಭಾಗ ಗರಗಸ ಹಾಕಿ. ಆಮೇಲೆ ಎರಡು ಇಂಚು ಆಚೆ ಮೇಲಿನಿಂದ ಕೊಯ್ದು ಬೀಳಿಸಿ. ಉಳಿದ ಮೋಟನ್ನ ಬುಡದ ಉಬ್ಬಿಗೆ ತಾಗದ ಹಾಗೆ ಕೊನೆಗೆ ತೆಗೀರಿ. ಇಲ್ಲಾಂದ್ರೆ ಕೊಂಬೆ ಸಿಗಿದು ತೊಗಟೆ ಸಮೇತ ಕಾಂಡದವರೆಗೆ ಹರಿಯುತ್ತೆ. ಲೈನ್ ಕಡೆಗೆ ವಾಲಿದ ಕೊಂಬೆಗೆ ಹಗ್ಗ ಕಟ್ಟದೆ ಕೈ ಹಾಕಲೇಬಾರದು, ಅದೂ ಎಲ್‌ಸಿ (ಲೈನ್ ಕ್ಲಿಯರ್, ಲೈನು ಆಫ್ ಮಾಡಿಸಿದ ಅನುಮತಿ) ತಗೊಂಡು ಲೈನು ಅರ್ತ್ ಮಾಡಿದ ಮೇಲೆ. ಅಡಿಕೆ ಮರಕ್ಕೆ ಇದೆಲ್ಲಾ ನಡೆಯಲ್ಲ, ತಲೆ ಕಡಿದ್ರೆ ಮರ ಸತ್ತ ಹಾಗೇ. ಮರದ ಎತ್ತರಕ್ಕಿಂತ ಹೆಚ್ಚು ದೂರ ಬಿಟ್ಟು ಸಸಿ ನೆಡೋದೊಂದೇ ದಾರಿ.

ಮೂರುಫೇಸ್:
ಬಿ ಹೋಗಿ ಬಡಿದದ್ದು ನ್ಯೂಟ್ರಲ್ಲಿಗೇ ತಾನೇ? ನ್ಯೂಟ್ರಲ್ಲೂ ಲೂಸಾಗೇ ಇತ್ತು. ಹೇಳಿದ್ದೆ.

ಅಡಿಕೆಗೊನೆ:
ಎರಡನೇ ಮತ್ತು ಮೂರನೇ ಕಂಬದ ನಡುವೆ ಕಪ್ಪು ಕಾಣ್ತಿದೆ, ಎರಡು ಕಡೆ. ಫೋಟೋ ಕಳಿಸಿ ದೂರು ಕೊಟ್ಟೆ. ಸದ್ಯಕ್ಕೆ ಸ್ಪೇಸರ್ ಹಾಕ್ತಾರಂತೆ, ಲೈನು ಎಳೆಯೋದು ಮಳೆ ಬಿಟ್ಟ ಮೇಲಂತೆ.

ಹಳೇಮೀಟರ್:
ದೋಟಿದಾಸರೇ, ಆ 60 ಅಡಿಯದ್ದು ಎಷ್ಟು ಬಿತ್ತು? ಮಡಚಿದ್ರೆ ಎಷ್ಟು ಉದ್ದ ಇರುತ್ತೆ?