ಕನ್ಸರ್ವೇಶನ್ ರಿಸರ್ವ್‌ಗೆ ಏನನ್ನೋಣ? ಹೊಳೆಗೆ ‘ಮೇಲ್ದಂಡೆ’ ಸರಿಯೇ?

ಎಲ್ಲರಿಗೂ ನಮಸ್ಕಾರ.

ಹೆಸರಘಟ್ಟದ ಹುಲ್ಲುಗಾವಲಿನ ಬಗ್ಗೆ ಒಂದು ಚಿಕ್ಕ ಕರಪತ್ರ ಬರೆಯುತ್ತಿದ್ದೇನೆ. ಸುತ್ತಲಿನ ಹಳ್ಳಿಯವರೂ ಓದಬೇಕು, ಭಾನುವಾರ ಬೆಂಗಳೂರಿನಿಂದ ಕ್ಯಾಮೆರಾ ಹಿಡಿದು ಬರುವವರೂ ಓದಬೇಕು. ಎರಡು ಪದಗಳು ಸರಿಯಾಗಿ ಕೂರುತ್ತಿಲ್ಲ.

ಮೊದಲನೆಯದು ಕನ್ಸರ್ವೇಶನ್ ರಿಸರ್ವ್. 2024ರ ಅಕ್ಟೋಬರ್‌ನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಇಲ್ಲಿನ ಐದು ಸಾವಿರಕ್ಕೂ ಜಾಸ್ತಿ ಎಕರೆಗೆ ಈ ಪಟ್ಟ ಕೊಡಲು ಒಪ್ಪಿತು. ಅಂದಿನಿಂದ ಇದನ್ನು ಒಬ್ಬರು ‘ಸಂರಕ್ಷಣಾ ಮೀಸಲು’ ಅಂತಾರೆ, ಇನ್ನೊಬ್ಬರು ‘ಸಂರಕ್ಷಿತ ಪ್ರದೇಶ’ ಅಂತಾರೆ, ಮತ್ತೊಬ್ಬರು ‘ಮೀಸಲು ಅರಣ್ಯ’ವನ್ನೇ ಮಾಡಿಬಿಡುತ್ತಾರೆ. ಮೀಸಲು ಅರಣ್ಯ ಅರಣ್ಯ ಕಾಯ್ದೆಯ ಪದ, ಅದರ ದಾರಿಯೇ ಬೇರೆ. ಕನ್ಸರ್ವೇಶನ್ ರಿಸರ್ವ್ ಬಂದದ್ದು 1972ರ ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯಿಂದ. ಸರ್ಕಾರದ ಜಮೀನಿಗೆ ಮಾತ್ರ ಅನ್ವಯ. ಘೋಷಿಸುವ ಮುಂಚೆ ಸ್ಥಳೀಯರನ್ನು ಕೇಳಬೇಕು. ನೋಡಿಕೊಳ್ಳುವ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯವರೂ ಇರುತ್ತಾರೆ. ಖಾಸಗಿ ಅಥವಾ ಸಮುದಾಯದ ಜಮೀನಾದರೆ ಅದು ಕೊಕ್ಕರೆ ಬೆಳ್ಳೂರಿನ ಹಾಗೆ ‘ಸಮುದಾಯ ಮೀಸಲು’.

ನನ್ನ ತಕರಾರು ‘ಮೀಸಲು’ ಮೇಲೆ. ಈ ಪದ ಬಂದ ಕೂಡಲೇ ‘ಯಾರಿಗೆ?’ ಅನ್ನುವ ಪ್ರಶ್ನೆ ಏಳುತ್ತದೆ. ಮಹಿಳೆಯರಿಗೆ ಮೀಸಲು ಸೀಟು, ದೇವರಿಗೆ ಮೀಸಲು ಹಾಲು. ದೇವರಿಗೆ ಎತ್ತಿಟ್ಟಿದ್ದನ್ನು ಮನೆಯವರು ಮುಟ್ಟುವ ಹಾಗಿಲ್ಲ. ಹಾಗಾಗಿ ಕುರಿ ಕಾಯುವವರ ಕಿವಿಗೆ ‘ಸಂರಕ್ಷಣಾ ಮೀಸಲು’ ಅಂದರೆ ‘ಇನ್ನು ನೀವು ಬರಬೇಡಿ’ ಅಂತಲೇ ಕೇಳಿಸುತ್ತದೆ. ಜನರನ್ನು ಕೇಳಿ ಮಾಡುವ ವ್ಯವಸ್ಥೆಗೆ ಇಂಥ ಹೆಸರು ಯಾಕೆ?

‘ಅಭಯಾರಣ್ಯ’ವಂತೂ ಬೇಡವೇ ಬೇಡ. ಇಲ್ಲಿರುವುದು ಹುಲ್ಲು. ಅರಣ್ಯ ಅಂದ ತಕ್ಷಣ ಯಾರಾದರೂ ಸಸಿ, ಗುದ್ದಲಿ ಹಿಡಿದು ಬರುತ್ತಾರೆ. ಮರ ತುಂಬಿದರೆ ಬಯಲನ್ನೇ ನಂಬಿದ ಹಕ್ಕಿಗಳು ಎಲ್ಲಿಗೆ ಹೋಗಬೇಕು? ಬೇಸಾಯಕ್ಕೆ ಬಾರದ ನೆಲವನ್ನೆಲ್ಲ ‘ಖರಾಬು’ ಅನ್ನುವ ಕಂದಾಯದ ಭಾಷೆ ಬೇರೆ.

ನನಗೆ ಹಿಡಿಸಿದ್ದು ‘ಕಾವಲು’. ಹಳೇ ಮೈಸೂರಿಗೆ ಹೊಸದೇನಲ್ಲ. ಅಮೃತಮಹಲ್ ದನಗಳು ಮೇಯುವ ಕಾವಲುಗಳಿವೆ, ಬೆಂಗಳೂರಲ್ಲೇ ಜಾರಕಬಂಡೆ ಕಾವಲ್, ಬಿ.ಎಂ. ಕಾವಲ್ ಇವೆ. ಕಾಯುವುದೂ ಅದರಲ್ಲಿದೆ, ಮೇಯುವುದೂ ಅದರಲ್ಲಿದೆ. ಅಷ್ಟೇ ಅಲ್ಲ, ಹುಲ್ಲು ಮತ್ತು ಕಾವಲು ಸೇರಿಯೇ ಹುಲ್ಲುಗಾವಲು. ಅಲ್ಲಿಗೆ ‘ಹುಲ್ಲುಗಾವಲು ಸಂರಕ್ಷಣಾ ಮೀಸಲು’ ಅಂದರೆ ಕಾಯುವುದನ್ನೇ ಮೂರು ಸಲ ಹೇಳಿದ ಹಾಗಾಯಿತು! ಆದರೆ ಒಂದು ತೊಡಕಿದೆ. ಅಘನಾಶಿನಿ ಕಣಿವೆಯಲ್ಲಿ ಸಿಂಗಳೀಕಗಳಿಗಾಗಿ ಮೊದಲು ಮಾಡಿದ್ದೂ ಕನ್ಸರ್ವೇಶನ್ ರಿಸರ್ವೇ (2019ರಲ್ಲಿ ಅದು ಅಭಯಾರಣ್ಯಕ್ಕೆ ಸೇರಿತು). ಆ ದಟ್ಟ ಕಾಡಿಗೆ ಕಾವಲು ಅಂದರೆ ಮಲೆನಾಡಿನವರು ಒಪ್ಪುತ್ತಾರಾ? ಅಲ್ಲಿಯವರು ಯಾರಾದರೂ ಹೇಳಬೇಕು.

ಇನ್ನು ‘ಮೇಲ್ದಂಡೆ’. ನಂದಿ ಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ಹೆಸರಘಟ್ಟ ಕೆರೆ ದಾಟಿ, ತಿಪ್ಪಗೊಂಡನಹಳ್ಳಿಯಲ್ಲಿ ಕುಮುದ್ವತಿಯನ್ನು ಕೂಡಿ, ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಹುಲ್ಲುಗಾವಲು ಇರುವುದು ಈ ಹೊಳೆಯ ಮೇಲಿನ ಭಾಗದಲ್ಲಿ. ‘ಅರ್ಕಾವತಿ ಮೇಲ್ದಂಡೆ’ ಅಂತ ಬರೆದರೆ ಕೃಷ್ಣಾ ಮೇಲ್ದಂಡೆ, ಭದ್ರಾ ಮೇಲ್ದಂಡೆ ನೆನಪಾಗಿ ಇನ್ನೊಂದು ನೀರಾವರಿ ಯೋಜನೆ ಅಂದುಕೊಳ್ಳುತ್ತಾರೆ. ಎಡದಂಡೆ, ಬಲದಂಡೆ ನಿಜವಾಗಿ ದಂಡೆಗಳು. ಮೇಲ್ದಂಡೆ ಯಾವ ದಂಡೆ? ‘ಮೇಲ್ಹರಿವು’ ಒಂದು ಆಯ್ಕೆ, ಆದರೆ ಮಳೆ ಬಂದಾಗಷ್ಟೇ ನೀರು ಕಾಣುವ ಕಡೆ ಹರಿವು ಅನ್ನಲು ಸಂಕೋಚ. ತಲಕಾವೇರಿ ಇರುವಾಗ ‘ಹೊಳೆಯ ತಲೆಕಡೆ’ ಅಂದರೆ ತಪ್ಪೇನು?

ದೊಡ್ಡಬಳ್ಳಾಪುರ, ನೆಲಮಂಗಲ ಕಡೆಯವರು ಇದ್ದೀರಲ್ಲ, ಹಿರಿಯರು ಹೊಳೆಯ ಆ ಭಾಗಕ್ಕೆ ಏನನ್ನುತ್ತಾರೆ? ಸದ್ಯಕ್ಕೆ ‘ಅರ್ಕಾವತಿಯ ತಲೆಕಡೆ ಇರುವ ಹೆಸರಘಟ್ಟ ಹುಲ್ಲುಗಾವಲು’ ಅಂತ ಬರೆದು, ಕಾನೂನಿನ ಹೆಸರನ್ನು ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕಿದ್ದೇನೆ. ಪ್ರಿಂಟಿಗೆ ಇನ್ನೂ ಕೊಟ್ಟಿಲ್ಲ.